ಯಾವ ಕೆಲಸ ಮೊದಲು ಅಂತ ಯಾರು ತೀರ್ಮಾನಿಸುತ್ತಾರೆ?

ಮೇಷ್ಟ್ರೇ, ನಮಸ್ಕಾರ.

ದಾವಣಗೆರೆಯಿಂದ ನೀವು ಬರೆದ ಪತ್ರ ತಲುಪಿತು. ಉದ್ದವಾಗಿದ್ದರಿಂದ ಪೂರ್ತಿ ಅಚ್ಚು ಹಾಕಲು ಆಗಲಿಲ್ಲ. ಉಳಿದ ಓದುಗರಿಗಾಗಿ ಅದರ ತಿರುಳನ್ನು ಇಲ್ಲಿ ಹೇಳಿಬಿಡುತ್ತೇನೆ. "ನಮ್ಮಲ್ಲಿ ಗೆದ್ದವರು ಮುಂದಿನ ಚುನಾವಣೆಯ ಲೆಕ್ಕ ಹಾಕುತ್ತಾರೆ, ದೂರದ ಯೋಚನೆ ಮಾಡುವುದಿಲ್ಲ. ರಷ್ಯಾದಲ್ಲಿ ಒಬ್ಬರೇ ಇಪ್ಪತ್ತೈದು ವರ್ಷದಿಂದ ಆಳುತ್ತಿದ್ದಾರೆ. ಆಸ್ಪತ್ರೆ ಮೊದಲೋ, ರಸ್ತೆ ಮೊದಲೋ, ಸೇನೆ ಮೊದಲೋ ಅಂತ ಅಲ್ಲಿ ತಜ್ಞರು ಕೂತು ನೆಮ್ಮದಿಯಾಗಿ ತೀರ್ಮಾನಿಸಬಹುದಲ್ವಾ?" ಇದು ನಿಮ್ಮ ಪ್ರಶ್ನೆ.

ಇದೇ ಮಾತನ್ನು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ನಾನೂ ಕೇಳಿದ್ದೇನೆ. ಕೇಳುವವರ ಬೇಸರ ನಿಜವಾದದ್ದು. ಆದರೂ ನಿಮ್ಮ ಮಾತನ್ನು ಒಪ್ಪಲು ನನಗೆ ಆಗುತ್ತಿಲ್ಲ. ಅಂಥ ಕಡೆ ಮೇಲಿರುವವರಿಗೆ ಯಾವುದರ ಭಯವೋ ಆ ಕೆಲಸ ಮೊದಲು ಆಗುತ್ತದೆ. ಮಿಕ್ಕಿದ್ದು ಮೇಲಿನವರ ಕಿವಿಗೆ ಬೀಳುವ ತನಕ ಕಾಯಬೇಕು. ರಷ್ಯಾದ ಉದಾಹರಣೆಯನ್ನೇ ಹಿಡಿದು ಹೇಳುತ್ತೇನೆ.

ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಪೂರ್ವಕ್ಕೆ ಪಿಕಾಲ್ಯೊವೊ ಅಂತ ಒಂದು ಸಣ್ಣ ಊರಿದೆ. ಸುಮಾರು ಇಪ್ಪತ್ತು ಸಾವಿರ ಜನ. ಸೋವಿಯತ್ ಕಾಲದಲ್ಲಿ ಅಲ್ಲಿ ಒಂದೇ ದೊಡ್ಡ ಕಾರ್ಖಾನೆ ಇತ್ತು. ಖಾಸಗೀಕರಣದ ನಂತರ ಅದು ಮೂರು ಪಾಲಾಯಿತು, ಮೂರಕ್ಕೂ ಬೇರೆ ಬೇರೆ ಮಾಲೀಕರು. ಒಂದರಲ್ಲಿ ಉಳಿಯುವ ವಸ್ತುವೇ ಇನ್ನೊಂದಕ್ಕೆ ಕಚ್ಚಾ ಮಾಲು. ಬೆಲೆಯ ವಿಷಯದಲ್ಲಿ ಮಾಲೀಕರಿಗೆ ಜಗಳ ಹತ್ತಿತು. ಅದರ ಮೇಲೆ 2008ರ ಆರ್ಥಿಕ ಕುಸಿತ ಬಂತು. ಮೂರೂ ನಿಂತುಹೋದವು. ಸಂಬಳ ಬರಲಿಲ್ಲ. ಗ್ಯಾಸ್ ಬಾಕಿ ಕಟ್ಟಿಲ್ಲವೆಂದು ಊರಿಗೆಲ್ಲ ಬರುತ್ತಿದ್ದ ಬಿಸಿನೀರೂ ನಿಂತಿತು. ಜನ ಅರ್ಜಿ ಕೊಟ್ಟರು. ಮೇಯರ್ ಕಚೇರಿಗೂ ನುಗ್ಗಿದರು. ಏನೂ ಆಗಲಿಲ್ಲ.

2009ರ ಜೂನ್ 2ರಂದು ಅವರು ಹೆದ್ದಾರಿಗೆ ಬಂದು ನಿಂತರು. ಕಿಲೋಮೀಟರುಗಟ್ಟಲೆ ವಾಹನ ನಿಂತವು. ಎರಡೇ ದಿನದಲ್ಲಿ ಆಗ ಪ್ರಧಾನಿಯಾಗಿದ್ದ ಪುಟಿನ್ ಸ್ವತಃ ಅಲ್ಲಿಗೆ ಬಂದರು. ಟಿವಿ ಕ್ಯಾಮೆರಾಗಳ ಮುಂದೆ ಮಾಲೀಕರನ್ನು ಸಾಲಾಗಿ ಕೂರಿಸಿ ಬೈದರು. ದೇಶದ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದ ಒಲೆಗ್ ಡೆರಿಪಾಸ್ಕ ಅವರನ್ನು ಕರೆದು, ಒಪ್ಪಂದದ ಕಾಗದದ ಮೇಲೆ ಪೆನ್ ಎಸೆದು, ಸಹಿ ಹಾಕಿ ಅಂದರು. ಅವರು ಹಾಕಿದರು. ಅವರು ಹೊರಡುವಾಗ ಪುಟಿನ್ "ನನ್ನ ಪೆನ್ ವಾಪಸ್ ಕೊಡಿ" ಅಂತ ಕೇಳಿ ಇಸಿದುಕೊಂಡರು. ಬಾಕಿ ಸಂಬಳ ಅವತ್ತೇ ಜನರ ಖಾತೆಗೆ ಬೀಳತೊಡಗಿತು.

ಇದನ್ನು ನೋಡಿ "ನಾಯಕ ಅಂದ್ರೆ ಹೀಗಿರಬೇಕು" ಅಂದವರು ಬಹಳ ಜನ. ನಿಮಗೂ ಹಾಗೆ ಅನ್ನಿಸಿರಬಹುದು. ಆದರೆ ಅದಕ್ಕೂ ಮೊದಲಿನ ತಿಂಗಳುಗಳನ್ನು ಯೋಚಿಸಿ. ಊರಿಗೆ ಮೇಯರ್ ಇದ್ದರು, ಪ್ರಾಂತ್ಯಕ್ಕೆ ಗವರ್ನರ್ ಇದ್ದರು, ಸಂಸತ್ತಿನಲ್ಲಿ ಸದಸ್ಯರಿದ್ದರು. ಇವರಲ್ಲಿ ಯಾರಿಗೂ ಪಿಕಾಲ್ಯೊವೊದ ಜನ ಓಟಿನಿಂದ ಬಿಸಿ ಮುಟ್ಟಿಸುವ ಹಾಗಿರಲಿಲ್ಲ. ಗವರ್ನರ್‌ಗಳ ನೇರ ಚುನಾವಣೆಯನ್ನು 2004ರ ಕೊನೆಯಲ್ಲೇ ರದ್ದು ಮಾಡಲಾಗಿತ್ತು. ಅವರ ಕುರ್ಚಿ ಉಳಿಯುವುದೂ ಹೋಗುವುದೂ ಮಾಸ್ಕೋ ಕೈಯಲ್ಲಿತ್ತು. ಹಾಗಾಗಿ ಅವರ ಕಣ್ಣೆಲ್ಲ ಮಾಸ್ಕೋ ಕಡೆಗೇ. ಇಂಥ ಒಂದೇ ಕಾರ್ಖಾನೆಯ ಊರುಗಳು ರಷ್ಯಾದಲ್ಲಿ 300ಕ್ಕೂ ಹೆಚ್ಚು. ಅವುಗಳ ಪಟ್ಟಿ ಮಾಡಿ ಹಣ ತೆಗೆದಿಟ್ಟದ್ದು ಈ ಗಲಾಟೆಯ ನಂತರ. ಯಾವ ತಜ್ಞರಿಗೂ ಆ ಊರುಗಳ ಕಷ್ಟ ಮೊದಲು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಗೊತ್ತಿದ್ದವರ ಮಾತಿಗೆ ಬೆಲೆ ಬರಲು ಹೆದ್ದಾರಿ ಬಂದ್ ಆಗಬೇಕಾಯಿತು.

ಇನ್ನು ತಜ್ಞರು ಹಾಕಿಕೊಟ್ಟ ಗುರಿಗಳ ವಿಷಯ. 2012ರ ಮೇ 7ರಂದು, ಮತ್ತೆ ಅಧ್ಯಕ್ಷರಾಗಿ ಪ್ರಮಾಣ ವಚನ ತೆಗೆದುಕೊಂಡ ದಿನವೇ, ಪುಟಿನ್ ಒಂದು ಕಂತೆ ಆದೇಶಗಳಿಗೆ ಸಹಿ ಹಾಕಿದರು. ಅಲ್ಲಿ ಇವಕ್ಕೆ 'ಮೇ ಆದೇಶಗಳು' ಅನ್ನುತ್ತಾರೆ. ಒಳ್ಳೆಯ ಗುರಿಗಳೇ. 2018ರ ಹೊತ್ತಿಗೆ ಡಾಕ್ಟರುಗಳ ಸಂಬಳ ಆಯಾ ಪ್ರಾಂತ್ಯದ ಸರಾಸರಿಯ ಎರಡರಷ್ಟಾಗಬೇಕು. ಆಸ್ಪತ್ರೆಯ ಆಯಾಗಳ ಸಂಬಳವೂ ಸರಾಸರಿಗೆ ಬರಬೇಕು. ಆದೇಶ ಮಾಸ್ಕೋದಿಂದ ಬಂತು, ಹಣದ ಬಹುಪಾಲನ್ನು ಪ್ರಾಂತ್ಯಗಳೇ ಹೊಂದಿಸಬೇಕಾಯಿತು. ಅಷ್ಟು ಹಣ ಅವುಗಳ ಬಳಿ ಇರಲಿಲ್ಲ. ಹಲವು ಪ್ರಾಂತ್ಯಗಳು ಸಾಲಕ್ಕೆ ಬಿದ್ದವು.

ಆಮೇಲೆ ಆಸ್ಪತ್ರೆಗಳಲ್ಲಿ ಒಂದು ಉಪಾಯ ಹುಟ್ಟಿತು. ವಾರ್ಡಿನ ಆಯಾಗೆ ಹೊಸ ಕಾಗದ ಕೊಡುತ್ತಿದ್ದರು: ಇವತ್ತಿನಿಂದ ನಿನ್ನ ಹುದ್ದೆ ಕಸ ಗುಡಿಸುವವಳದ್ದು. ಗುಡಿಸುವವರು ವೈದ್ಯಕೀಯ ಸಿಬ್ಬಂದಿಯ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಆದೇಶದ ಏರಿಕೆ ಅವರಿಗೆ ಕೊಡಬೇಕಾಗಿಲ್ಲ. ಪಟ್ಟಿಯಲ್ಲಿ ಉಳಿದ ಕೆಲವೇ ಆಯಾಗಳ ಸರಾಸರಿ ಸಂಬಳ ಮೇಲೇರಿತು, ಗುರಿ ಮುಟ್ಟಿತು ಅಂತ ವರದಿ ಹೋಯಿತು. ರೋಗಿಯನ್ನು ಮಗ್ಗುಲಾಗಿಸುವುದು, ಬಟ್ಟೆ ಬದಲಿಸುವುದು ಯಾರ ಕೆಲಸ? ಹೊಸ ಹುದ್ದೆಯ ಪಟ್ಟಿಯಲ್ಲಿ ಅದು ಇಲ್ಲ. ಸಾವಿರಾರು ಹೆಂಗಸರ ಹುದ್ದೆ ಹೀಗೆ ಬದಲಾಯಿತು. ಇನ್ನು ಕೆಲವು ಕಡೆ ಸಿಬ್ಬಂದಿಯನ್ನು ಅರ್ಧ ಹುದ್ದೆಗೆ ಇಳಿಸಿದರು.

ಇನ್‌ಸ್ಪೆಕ್ಟರ್ ಬರುವ ದಿನ ಶಾಲೆ ಹೇಗೆ ಕಾಣುತ್ತದೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಇಡೀ ದೇಶ ವರ್ಷಪೂರ್ತಿ ಹಾಗೆ ಇರಬೇಕು. "ಈ ಗುರಿಗೆ ಈ ಹಣ ಸಾಲದು" ಅಂತ ಹೇಳುವ ಗವರ್ನರ್‌ಗೆ ಲಾಭವಿಲ್ಲ, ನಷ್ಟ ಮಾತ್ರ ಉಂಟು. ಗವರ್ನರ್‌ಗಳ ಕೆಲಸ ಅಳೆಯಲು 2021ರಲ್ಲಿ ಹೊರಡಿಸಿದ ಸರ್ಕಾರಿ ಪಟ್ಟಿಯಲ್ಲಿ ಮೊದಲು ಬಂದದ್ದೇ ಅಧ್ಯಕ್ಷರ ಮೇಲೆ ಜನರಿಗಿರುವ ವಿಶ್ವಾಸ. ಹಾಗಿರುವಾಗ ಕೆಟ್ಟ ಸುದ್ದಿಯನ್ನು ಮೇಲಕ್ಕೆ ಕಳಿಸುವವರು ಯಾರು ಹೇಳಿ?

ಚೆನ್ನಾಗಿ ನಡೆದದ್ದನ್ನೂ ಹೇಳಬೇಕು. ರಷ್ಯಾದ ಕೇಂದ್ರ ಬ್ಯಾಂಕು ಹಣದುಬ್ಬರದ ವಿಷಯದಲ್ಲಿ ಗಟ್ಟಿಯಾಗಿ ನಡೆದುಕೊಂಡಿದೆ. 2014ರ ಡಿಸೆಂಬರ್‌ನಲ್ಲಿ ರೂಬಲ್ ಕುಸಿದಾಗ ಬ್ಯಾಂಕಿನ ಮುಖ್ಯಸ್ಥೆ ಎಲ್ವಿರಾ ನಬಿಯುಲ್ಲಿನಾ ಅವರ ತಂಡ ಒಂದೇ ರಾತ್ರಿಯಲ್ಲಿ ಬಡ್ಡಿ ದರವನ್ನು ಶೇ 10.5ರಿಂದ 17ಕ್ಕೆ ಏರಿಸಿತು. ತೈಲದ ಆದಾಯದಲ್ಲಿ ಒಂದು ಪಾಲನ್ನು 2004ರಿಂದಲೇ ನಿಧಿಯಾಗಿ ಎತ್ತಿಟ್ಟರು. ಇಲ್ಲಿ ತಜ್ಞರ ಮಾತು ನಡೆಯಿತು, ಒಪ್ಪುತ್ತೇನೆ. ಆದರೆ ಯಾಕೆ ನಡೆಯಿತು? 1998ರ ಆಗಸ್ಟ್‌ನಲ್ಲಿ ಸರ್ಕಾರ ಸಾಲ ತೀರಿಸಲಾಗದೆ ಕೈಯೆತ್ತಿದ್ದನ್ನು ಈ ನಾಯಕರು ಕಣ್ಣಾರೆ ಕಂಡವರು. ಆ ಭಯ ಅವರೊಳಗೆ ಇತ್ತು. ಆಯಾಗಳ ಬಗ್ಗೆ ಅಂಥ ಭಯ ಯಾರಿಗೂ ಇರಲಿಲ್ಲ.

ಮುದುಕರ ಬಗ್ಗೆ ಮಾತ್ರ ಇತ್ತು. 2005ರ ಜನವರಿಯಲ್ಲಿ ಉಚಿತ ಬಸ್ಸು, ಉಚಿತ ಔಷಧಿ ತೆಗೆದು ಅದರ ಬದಲು ಹಣ ಕೊಡುತ್ತೇವೆ ಅಂದಾಗ ಪಿಂಚಣಿದಾರರು ಹಿಮದಲ್ಲಿ ರಸ್ತೆಗಿಳಿದರು. ಸರ್ಕಾರ ಹೆದರಿ ಪಿಂಚಣಿ ಏರಿಕೆಯನ್ನು ಮುಂಚಿತವಾಗಿಯೇ ಕೊಟ್ಟಿತು. ತಾವು ಅಧ್ಯಕ್ಷರಾಗಿರುವ ತನಕ ನಿವೃತ್ತಿ ವಯಸ್ಸು ಏರಿಸುವುದಿಲ್ಲ ಅಂತ ಪುಟಿನ್ ಅದೇ ವರ್ಷ ಹೇಳಿದರು. ಅದನ್ನು ಏರಿಸುವ ಪ್ರಸ್ತಾಪ ಹೊರಬಿದ್ದದ್ದು 2018ರ ಜೂನ್ 14ಕ್ಕೆ. ಅವತ್ತು ಮಾಸ್ಕೋದಲ್ಲಿ ಫುಟ್‌ಬಾಲ್ ವಿಶ್ವಕಪ್‌ನ ಮೊದಲ ಪಂದ್ಯ. ಅಧ್ಯಕ್ಷ ಚುನಾವಣೆ ಮಾರ್ಚ್‌ನಲ್ಲೇ ಮುಗಿದಿತ್ತು. ಪ್ರಚಾರದಲ್ಲಿ ಜನರ ಮುಂದಿಡದ ವಿಷಯವನ್ನು ಗೆದ್ದ ಮೂರು ತಿಂಗಳಿಗೆ ಹೊರತೆಗೆದರು. ಸರ್ಕಾರದ್ದಲ್ಲದ ಲೆವಾಡಾ ಕೇಂದ್ರದ ಸಮೀಕ್ಷೆಯಲ್ಲಿ ಪುಟಿನ್ ಅವರ ಬೆಂಬಲ ಏಪ್ರಿಲ್‌ನಲ್ಲಿ ಶೇ 82 ಇದ್ದದ್ದು ಜುಲೈಗೆ 67ಕ್ಕೆ ಇಳಿಯಿತು. ಆಗಸ್ಟ್ ಕೊನೆಗೆ ಅವರೇ ಟಿವಿಯಲ್ಲಿ ಬಂದು ಹೆಂಗಸರ ನಿವೃತ್ತಿ ವಯಸ್ಸು 63 ಬೇಡ, 60 ಸಾಕು ಅಂದರು. ಗಂಡಸರದ್ದು 60ರಿಂದ 65ಕ್ಕೇ ಉಳಿಯಿತು.

ಅಂದರೆ ಅಲ್ಲಿಯೂ ಜನಾಭಿಪ್ರಾಯದ ಲೆಕ್ಕ ಹಾಕುತ್ತಾರೆ, ಮೇಷ್ಟ್ರೇ. ನಮ್ಮವರಷ್ಟೇ ಹಾಕುತ್ತಾರೆ. ಆ ಲೆಕ್ಕವನ್ನು ಜನರ ಎದುರು ಹಾಕುವುದಿಲ್ಲ, ಅಷ್ಟೇ. ಲೆವಾಡಾ ಕೇಂದ್ರಕ್ಕಂತೂ 2016ರಲ್ಲೇ 'ವಿದೇಶಿ ಏಜೆಂಟ್' ಅನ್ನುವ ಹಣೆಪಟ್ಟಿ ಹಚ್ಚಿಯಾಗಿತ್ತು.

ಇನ್ನು ಸೇನೆ. 2022ರ ಫೆಬ್ರವರಿ 21ರ ರಷ್ಯಾದ ಭದ್ರತಾ ಮಂಡಳಿ ಸಭೆಯನ್ನು ಟಿವಿಯಲ್ಲೇ ತೋರಿಸಿದರು, ಸಾಧ್ಯವಾದರೆ ಹುಡುಕಿ ನೋಡಿ. ದೊಡ್ಡ ಹಜಾರ. ಒಂದು ಕಡೆ ಪುಟಿನ್ ಒಬ್ಬರೇ, ದೂರದಲ್ಲಿ ಮಿಕ್ಕವರು. ವಿದೇಶಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಸೆರ್ಗೆಯ್ ನರಿಶ್ಕಿನ್ ಮಾತಿಗೆ ತಡವರಿಸುತ್ತಾರೆ. "ನೇರವಾಗಿ ಹೇಳಿ" ಅಂತ ಪುಟಿನ್ ಒತ್ತಾಯಿಸುತ್ತಾರೆ. ಗಾಬರಿಯಲ್ಲಿ ಆತ, ಪೂರ್ವ ಉಕ್ರೇನಿನ ಡಾನೆಟ್ಸ್ಕ್ ಮತ್ತು ಲುಹಾನ್ಸ್ಕ್ ಅನ್ನು ರಷ್ಯಾಕ್ಕೆ ಸೇರಿಸಿಕೊಳ್ಳುವುದಕ್ಕೆ ಒಪ್ಪಿಗೆ ಅಂದುಬಿಡುತ್ತಾರೆ. "ನಾವು ಅದರ ಬಗ್ಗೆ ಮಾತಾಡುತ್ತಿಲ್ಲ" ಅಂತ ಪುಟಿನ್ ತಿದ್ದುತ್ತಾರೆ. ಗುಪ್ತಚರ ಸಂಸ್ಥೆ ನಡೆಸುವವರು ತಜ್ಞರಲ್ಲದೆ ಇನ್ಯಾರು? ಅವರೇ ಅಲ್ಲಿ ಮನಸ್ಸಿನ ಮಾತು ಆಡಲು ಹೆದರಿ ನಿಂತಿದ್ದರು. ಮೂರು ದಿನಕ್ಕೆ ಉಕ್ರೇನ್ ಮೇಲೆ ಯುದ್ಧ ಶುರುವಾಯಿತು. 2025ಕ್ಕೆ ಮಂಜೂರಾದ ಬಜೆಟ್‌ನಲ್ಲಿ ರಕ್ಷಣೆಗೇ ಸುಮಾರು 13.5 ಲಕ್ಷ ಕೋಟಿ ರೂಬಲ್ ಇಟ್ಟರು. ಒಟ್ಟು ಖರ್ಚಿನ ಮೂರನೇ ಒಂದು ಭಾಗ.

ಕೊನೆಗೆ ನಿಮ್ಮ ಮುಖ್ಯ ವಾದಕ್ಕೆ ಬರುತ್ತೇನೆ: ದೀರ್ಘಕಾಲ ಆಳುವವರಿಗೆ ದೂರದ ಯೋಜನೆ ಸಾಧ್ಯ ಅನ್ನುವುದು. 2018ರ ಮೇ ತಿಂಗಳ ಆದೇಶದಲ್ಲಿ, 2024ರೊಳಗೆ ಸರಾಸರಿ ಆಯಸ್ಸು 78 ವರ್ಷಕ್ಕೆ ಏರಬೇಕು, ಬಡತನ ಅರ್ಧಕ್ಕೆ ಇಳಿಯಬೇಕು ಅಂತ ಇತ್ತು. ಎರಡೇ ವರ್ಷದಲ್ಲಿ, 2020ರ ಜುಲೈನಲ್ಲಿ ಇನ್ನೊಂದು ಆದೇಶ ಬಂತು. ಗುರಿಗಳು ಅವೇ. 2024 ಇದ್ದ ಜಾಗದಲ್ಲಿ 2030 ಅಂತ ಬರೆದಿದ್ದರು. ಅದೇ ತಿಂಗಳು ಸಂವಿಧಾನ ತಿದ್ದುಪಡಿಯಾಗಿ ಪುಟಿನ್ 2036ರ ತನಕ ಅಧ್ಯಕ್ಷರಾಗಿರಲು ದಾರಿ ಸುಗಮವಾಗಿತ್ತು. ನಮ್ಮ ವಿಧಾನಸಭೆಯಲ್ಲಿ ಎಷ್ಟೇ ಗದ್ದಲವಿರಲಿ, ಸರ್ಕಾರ ಹೀಗೆ ಆರು ವರ್ಷ ಗಡುವು ಮುಂದೂಡಿದರೆ ಎದ್ದು ನಿಂತು ಕೇಳುವ ಒಬ್ಬ ವಿರೋಧ ಪಕ್ಷದ ಶಾಸಕರಾದರೂ ಸಿಗುತ್ತಾರೆ. ಮುಂದಿನ ಚುನಾವಣೆಯಲ್ಲಿ ಅದನ್ನೇ ಹಿಡಿದು ಓಟು ಕೇಳುತ್ತಾರೆ. ನೀವು ಬೇಸರದಿಂದ ಬರೆದ 'ಚುನಾವಣೆಯ ಲೆಕ್ಕ' ಅಂದರೆ ಇದೂ ಹೌದು. ಇದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ಈ ಮಾತು ನಿಮಗೆ ಒಪ್ಪಿಗೆಯಾಗದಿದ್ದರೆ ಖಂಡಿತ ಮತ್ತೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಪತ್ರಕ್ಕೆ ಪೂರ್ತಿ ಒಂದು ಪುಟ ಕೊಡುತ್ತೇವೆ.

— ಸಂಪಾದಕ