ಮಲೇರಿಯಾ ಬಿಟ್ಟ ಮೇಲೂ ಹಿಮೋಗ್ಲೋಬಿನ್ ಏರುತ್ತಿಲ್ಲ, ಯಾವ ಐರನ್ ಟಾನಿಕ್ ಒಳ್ಳೆಯದು?

ಟಾನಿಕ್ ಹೆಸರು ನಾನು ಹೇಳಲ್ಲ. ನಾನೂ ಮೊದಲು ಕೇಳಿದ್ದು ಅದನ್ನೇ.

ಮಂಗಳೂರಿನಲ್ಲಿ ಕಟ್ಟಡದ ಸೈಟ್ ನೋಡಿಕೊಳ್ಳುತ್ತಿದ್ದೆ. ಅಲ್ಲೇ ಮಲೇರಿಯಾ ಹತ್ತಿದ್ದು, ವೈವ್ಯಾಕ್ಸ್ ಅನ್ನೋ ಜಾತಿಯ ರೋಗಾಣುವಿನದು. ಊರು ಸಕಲೇಶಪುರಕ್ಕೆ ಬಂದು ಮಲಗಿದೆ. ದಿನ ಬಿಟ್ಟು ದಿನ ನಡುಕ, ಕಂಬಳಿ ಮೇಲೆ ಕಂಬಳಿ ಹೊದ್ದರೂ ಹಲ್ಲು ಕಟಕಟ. ಕ್ಲೋರೋಕ್ವಿನ್‌ಗೆ ಜ್ವರ ಬಿಟ್ಟಿತು. ಪ್ರೈಮಾಕ್ವಿನ್ 14 ದಿನ ನುಂಗಬೇಕಿತ್ತು. ಹೊಟ್ಟೆ ತೊಳಸುತ್ತಿತ್ತು, ಜ್ವರವೂ ಇಲ್ಲ, ಅರ್ಧಕ್ಕೇ ಬಿಟ್ಟೆ. ಎಡವಟ್ಟಾಗಿದ್ದು ಇಲ್ಲೇ. ಕ್ಲೋರೋಕ್ವಿನ್ ಕೊಲ್ಲುವುದು ರಕ್ತದಲ್ಲಿರುವ ರೋಗಾಣುವನ್ನು. ಲಿವರ್‌ನಲ್ಲಿ ನಿದ್ದೆ ಹೊಡೆಯುತ್ತಿರುವುದನ್ನು ಅದು ಮುಟ್ಟುವುದೇ ಇಲ್ಲ. ಅದಕ್ಕೆ ಪ್ರೈಮಾಕ್ವಿನ್ ಬೇಕು. ಅಂದರೆ ಆ ಮಾತ್ರೆ ಇರುವುದು ಈಗಿನ ಜ್ವರಕ್ಕಲ್ಲ, ಮುಂದೆ ಬರುವ ಜ್ವರಕ್ಕೆ. ಜ್ವರ ಇಲ್ಲ ಅಂತ ಅದನ್ನು ಬಿಡುವುದಕ್ಕೆ ಅರ್ಥವೇ ಇಲ್ಲ, ಅಲ್ವಾ?

ಕಾಫಿ ಕುಯ್ಲಿನ ಹೊತ್ತಿಗೆ ಮತ್ತೆ ಬಂತು. ಹಿಮೋಗ್ಲೋಬಿನ್ 7ಕ್ಕೆ ಇಳಿಯಿತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅಮ್ಮ ದಿನಾ ಬೀಟ್‌ರೂಟ್ ಪಲ್ಯ, ನುಗ್ಗೆಸೊಪ್ಪಿನ ಸಾರು ಮಾಡಿದರು. ಜೊತೆಗೆ ಐರನ್ ಸಿರಪ್. ಏರಲೇ ಇಲ್ಲ. ಹಾಸನದಲ್ಲಿ ಡಾಕ್ಟರ್ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಐರನ್ ಎಷ್ಟು ಅಂತ ತೋರಿಸುವ ರಕ್ತಪರೀಕ್ಷೆ) ರಿಪೋರ್ಟ್ ನೋಡಿ ನಕ್ಕರು: "ಐರನ್ ಬೇಕಾದಷ್ಟಿದೆ ಕಣ್ರೀ, ಒಳಗೆ ಬೀಗ ಹಾಕಿಕೊಂಡು ಕೂತಿದೆ."

ವಿಷಯ ಇಷ್ಟು. ವೈವ್ಯಾಕ್ಸ್ ಹೊಕ್ಕುವುದು ಎಳೆಯ ಕೆಂಪು ಕಣಗಳಿಗೆ ಮಾತ್ರ, ಅವು ರಕ್ತದಲ್ಲಿ ಸ್ವಲ್ಪವೇ ಇರುತ್ತವೆ. ಆದರೆ ಒಂದು ಸೋಂಕಿನ ಕಣದ ಜೊತೆಗೆ ಸುಮಾರು 30ಕ್ಕೂ ಹೆಚ್ಚು ಒಳ್ಳೆಯ ಕಣಗಳೂ ಹೋಗುತ್ತವೆ, ಬಹಳಷ್ಟನ್ನು ಗುಲ್ಮವೇ (ಸ್ಪ್ಲೀನ್) ನುಂಗುತ್ತದೆ. ಅದಕ್ಕೇ ಅದು ಊದಿಕೊಳ್ಳುವುದು. ಹೋದದ್ದನ್ನು ತುಂಬಬೇಕಾದ ಅಸ್ಥಿಮಜ್ಜೆಯೂ ಆಗ ಮಂಕಾಗಿರುತ್ತದೆ. ಸೋಂಕಿನ ಉರಿಯೂತಕ್ಕೆ ಅದರ ಕೆಲಸ ಕುಂಠಿತವಾಗುತ್ತದೆ, ಅಲ್ಲಿ ಹುಟ್ಟುವ ಕಣಗಳೂ ಸೊಟ್ಟಪಟ್ಟ. ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಜಾಸ್ತಿ ಬಿಟ್ಟು ಐರನ್ ಅನ್ನು ಹೊರಗೆ ಬಿಡದ ಹಾಗೆ ಮಾಡುತ್ತದೆ. ನೀವು ಕುಡಿದ ಸಿರಪ್ ಕರುಳಿನಿಂದ ಒಳಗೆ ಹೋಗುವುದೂ ಕಷ್ಟ. ಗಾಯದಲ್ಲಿ ರಕ್ತ ಹೋದ ಹಾಗಲ್ಲ ಇದು. ಒಡೆದ ಕಣಗಳ ಐರನ್ ಬಹುಪಾಲು ಮೈಯಲ್ಲೇ ಇರುತ್ತದೆ.

ಹಾಗಾಗಿ ಟಾನಿಕ್ ದುಡ್ಡು ಲ್ಯಾಬ್‌ಗೆ ಕೊಡಿ. ರಕ್ತದ ಲೇಪನ ಮತ್ತೊಮ್ಮೆ ನೋಡಿಸಿ, ರೋಗಾಣು ಉಳಿದಿದೆಯಾ ಗೊತ್ತಾಗಲಿ. ರೆಟಿಕ್ಯುಲೋಸೈಟ್ ಕೌಂಟ್, ಅಂದರೆ ಹೊಸದಾಗಿ ಹುಟ್ಟಿದ ಎಳೆಯ ಕೆಂಪು ಕಣಗಳ ಲೆಕ್ಕ, ಕೇಳಿ. ಅದು ಏರುತ್ತಿದ್ದರೆ ಮಜ್ಜೆ ಎದ್ದಿದೆ ಅಂತ, ಸುಮ್ನೆ ಕಾಯಿರಿ. ಔಷಧಿ ಮುಗಿದ ಮೇಲೂ ಕೆಲವು ದಿನ ಹಿಮೋಗ್ಲೋಬಿನ್ ಇಳಿಯಬಹುದು, ಗಾಬರಿ ಬೇಡ. ಫೆರಿಟಿನ್ ನಿಜವಾಗಿ ಕಮ್ಮಿ ಇದ್ದರೆ ಆಗ ಐರನ್ ತಗೊಳ್ಳಿ.

ಪ್ರೈಮಾಕ್ವಿನ್ ಶುರು ಮಾಡೋ ಮೊದಲು ಜಿ6ಪಿಡಿ ಅನ್ನೋ ಕಿಣ್ವದ ಪರೀಕ್ಷೆ ಮಾಡಿಸಿ. ಆ ಕಿಣ್ವ ಕಮ್ಮಿ ಇರುವವರಿಗೆ ಈ ಮಾತ್ರೆಯೇ ಕೆಂಪು ಕಣ ಒಡೆಯುತ್ತದೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ.