ತೀರ್ಪಿನ ಪ್ರತಿ ಹಿಡಿದು ಬಂದವರು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಅವರಿಗೆ ನಲವತ್ತರ ಆಸುಪಾಸು. ಕೂತ ಕೂಡಲೇ ಪ್ಲಾಸ್ಟಿಕ್ ಕವರಿನಿಂದ ತೀರ್ಪಿನ ಪ್ರತಿ ತೆಗೆದು ನನ್ನ ಮುಂದಿಟ್ಟರು. ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಮಡಿಕೆಯ ಜಾಗದಲ್ಲಿ ಹಾಳೆ ಹರಿಯುವಂತಾಗಿತ್ತು. "ಮೇಡಂ, ನನ್ನ ತಪ್ಪಿಲ್ಲ ಅಂತ ಇದರಲ್ಲಿ ಬರೆದಿದೆ. ದಿನಾ ಓದ್ತೀನಿ. ಆದ್ರೂ ನಿದ್ದೆ ಬರಲ್ಲ."

ಮುಸ್ಸಂಜೆ ಹೊತ್ತಿನಲ್ಲಿ ಇವರ ಕಾರಿನ ಮುಂದೆ ವಯಸ್ಸಾದವರೊಬ್ಬರು ಇದ್ದಕ್ಕಿದ್ದಂತೆ ರಸ್ತೆಗಿಳಿದಿದ್ದರು. ಬ್ರೇಕ್ ಹಾಕಿದರೂ ಕಾರು ನಿಲ್ಲಲಿಲ್ಲ. ಅವರು ಉಳಿಯಲಿಲ್ಲ. ಕಾರು ಮಿತಿ ಮೀರಿ ಓಡುತ್ತಿರಲಿಲ್ಲ, ಇವರು ಕುಡಿದಿರಲಿಲ್ಲ, ಕೈಯಲ್ಲಿ ಫೋನೂ ಇರಲಿಲ್ಲ. ಕೋರ್ಟ್ ಖುಲಾಸೆ ಮಾಡಿತು.

ಸಾಯುವ ಯೋಚನೆ ಬರುತ್ತಾ ಅಂತ ಮೊದಲು ನೇರವಾಗಿಯೇ ಕೇಳಿದೆ. ಇಂಥವರನ್ನು ಕೇಳಲೇಬೇಕು. ಇಲ್ಲ ಅಂದರು.

ಆಮೇಲೆ ತೀರ್ಪಿನ ಮಾತು ತೆಗೆದೆ. ಕ್ರಿಮಿನಲ್ ಕೋರ್ಟ್ ಸಾಮಾನ್ಯವಾಗಿ ನೋಡುವುದು ಎರಡು ಸಂಗತಿ. ಆ ಕೆಲಸ ಇವರಿಂದ ನಡೆಯಿತಾ? ಅದರ ಹಿಂದೆ ಕೆಟ್ಟ ಉದ್ದೇಶವೋ ನಿರ್ಲಕ್ಷ್ಯವೋ ಇತ್ತಾ? ಅದೂ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಅಲ್ಲಿಯವರೆಗೆ ಆರೋಪಿ ನಿರಪರಾಧಿ ಅಂತಲೇ ಲೆಕ್ಕ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 11ನೇ ವಿಧಿಯಲ್ಲೂ ಇದೇ ಇದೆ. ಇದೆಲ್ಲ ಶಿಕ್ಷೆ ಕೊಡುವ ಅಧಿಕಾರಕ್ಕೆ ಹಾಕಿದ ಕಡಿವಾಣ. "ನಿಮ್ಮ ಒಳಗೆ ಏನಾಗ್ತಿದೆ ಅಂತ ಕೋರ್ಟ್ ಕೇಳಲೇ ಇಲ್ಲ, ಅಲ್ವಾ? ಅದಕ್ಕೆ ಉತ್ತರ ಈ ಹಾಳೆಯಲ್ಲಿ ಹೇಗೆ ಸಿಗುತ್ತೆ?" ಅಂದೆ.

ಇಂಗ್ಲಿಷಿನಲ್ಲಿ ಎರಡಕ್ಕೂ ಗಿಲ್ಟ್ ಅಂತಾರೆ. ನಮ್ಮಲ್ಲಿ ಕೋರ್ಟಿನದು ಅಪರಾಧ, ಮನಸ್ಸಿನದು ಪಾಪಪ್ರಜ್ಞೆ. ಪದ ಬೇರೆ ಇದ್ದರೂ ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ನೋಡುತ್ತೇವೆ. "ಕೋರ್ಟೇ ಬಿಟ್ಟಿದೆ, ಮರೆತುಬಿಡು" ಅಂತ ಮನೆಯವರು ಪ್ರೀತಿಯಿಂದಲೇ ಹೇಳಿದ್ದರು. ಅದಾದ ಮೇಲೆ ಇವರು ಮನೆಯಲ್ಲಿ ಆ ಮಾತೇ ಎತ್ತುತ್ತಿರಲಿಲ್ಲ.

ಬ್ರಿಟಿಷ್ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಇಂಥದ್ದೇ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಟ್ಟಿದ್ದರು. ತನ್ನ ತಪ್ಪೇನೂ ಇಲ್ಲದೆ ಲಾರಿ ಮಗುವಿಗೆ ಬಡಿಯುತ್ತದೆ. ಆ ಚಾಲಕನ ಸಂಕಟ ನೋಡುತ್ತಾ ನಿಂತವರ ಸಂಕಟದಂತಲ್ಲ. ಸುತ್ತಲಿನವರು ಅವನನ್ನು ಸಮಾಧಾನ ಮಾಡುತ್ತಾರೆ. ಆದರೆ ಅವನು ಸುಲಭವಾಗಿ ಸಮಾಧಾನಗೊಂಡರೆ ಅವರಿಗೇ ಅನುಮಾನ ಬರುತ್ತದೆ. ಇದನ್ನು ಹೇಳಿದಾಗ ಅವರು ತುಂಬಾ ಹೊತ್ತು ಅತ್ತರು.

ಮೂರನೇ ಸಲ ಬಂದಾಗ ಮಾತು ಹೊರಬಂತು. "ನಾನು ಕಾರಿಂದ ಇಳೀಲೇ ಇಲ್ಲ ಮೇಡಂ. ಎರಡು ನಿಮಿಷ ಸ್ಟೇರಿಂಗ್ ಹಿಡ್ಕೊಂಡು ಕೂತಿದ್ದೆ. ಯಾರೋ ದಾರಿಹೋಕರು ಬಂದು ಅವರ ಕೈ ಹಿಡ್ಕೊಂಡ್ರು." ಇದನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಇಷ್ಟು ದಿನ ಬ್ರೇಕಿನ ಮೇಲೆ ಹೊರಿಸಿದ್ದ ಭಾರ ನಿಜವಾಗಿ ಇದ್ದದ್ದು ಇಲ್ಲಿ.

ಪರವಾಗಿಲ್ಲ ಅಂತ ನಾನು ಹೇಳಲಿಲ್ಲ. ಹೇಳಿದ್ದರೂ ಅವರು ನಂಬುತ್ತಿರಲಿಲ್ಲ. ಆಘಾತವಾದಾಗ ಮೈ ಮರಗಟ್ಟುವುದು ಉಂಟು, ಅದನ್ನು ಯಾರೂ ಬೇಕೆಂದು ಮಾಡುವುದಿಲ್ಲ ಅಂದೆ. ಇಳಿಯಬೇಕಿತ್ತು ಅಂತ ಅವರಿಗೆ ಅನ್ನಿಸುವುದೂ ಸರಿಯೇ ಅಂದೆ.

ತೀರ್ಪಿನ ಪ್ರತಿಯನ್ನು ಹೆಂಡತಿಯ ಕೈಗೆ ಕೊಡಿ, ಇನ್ನು ದಿನಾ ಓದಬೇಡಿ ಅಂದೆ. ಆ ಕ್ಷಣದಲ್ಲಿ ನಿಮಗೆ ಗೊತ್ತಿದ್ದದ್ದನ್ನು ಮಾತ್ರ ಒಂದು ಹಾಳೆಯಲ್ಲಿ ಬರೆಯಿರಿ, ಆಮೇಲೆ ಗೊತ್ತಾದದ್ದು ಅದರಲ್ಲಿ ಬೇಡ. ಆ ಎರಡು ನಿಮಿಷಕ್ಕಾಗಿ ಏನಾದರೂ ಮಾಡಬೇಕೆನಿಸಿದರೆ ಪ್ರಥಮ ಚಿಕಿತ್ಸೆ ಕಲಿಯಿರಿ.

ತೀರಿಹೋದವರ ಮನೆಗೆ ಹೋಗಿ ಕಾಲಿಗೆ ಬೀಳಬೇಕು ಅನ್ನುತ್ತಿದ್ದರು. ನಾನು ತಡೆದೆ. ಹಠಾತ್ತಾಗಿ ಹೋಗಿ ನಿಂತರೆ ಆ ದುಃಖದಲ್ಲೂ ಇವರನ್ನು ಸಮಾಧಾನ ಮಾಡುವ ಕೆಲಸ ಅವರ ಪಾಲಿಗೆ ಬೀಳುತ್ತದೆ. ಮೊದಲು ವಕೀಲರನ್ನು ಕೇಳಿ, ಆಮೇಲೆ ಎರಡೂ ಕಡೆಯವರು ನಂಬುವ ಒಬ್ಬರ ಮೂಲಕ ಒಂದು ಪತ್ರ ಕಳಿಸಿ ಅಂದೆ. ಅದರಲ್ಲಿ ಕ್ಷಮಿಸಿ ಅಂತ ಕೇಳುವುದೂ ಬೇಡ, ನಿಮ್ಮ ದುಃಖ ಹೇಳಿದರೆ ಸಾಕು.

ನಾಲ್ಕೇ ಸಾಲಿನ ಪತ್ರ ಬರೆಯಲು ಅವರಿಗೆ ಮೂರು ವಾರ ಬೇಕಾಯಿತು. ಉತ್ತರ ಬಂದಿಲ್ಲ. ಪ್ರಥಮ ಚಿಕಿತ್ಸೆ ತರಗತಿಗೆ ಹೋಗುತ್ತಿದ್ದಾರೆ. ನಮ್ಮ ಭೇಟಿಗಳೂ ಮುಂದುವರಿದಿವೆ.