ಡಯಾಬ್ಲೊ 2 ಕಂಪ್ಯೂಟರ್ ಆಟದಲ್ಲಿ ಉತ್ತಮ ಸಾಮಗ್ರಿ ಬೇಗ ಸಿಗಲು ಮ್ಯಾಜಿಕ್ ಫೈಂಡ್ ಎಷ್ಟಿರಬೇಕು?

ಮ್ಯಾಜಿಕ್ ಫೈಂಡ್ ಅಂದರೆ ಸತ್ತ ರಾಕ್ಷಸರಿಂದ ಒಳ್ಳೆಯ ದರ್ಜೆಯ ವಸ್ತು ಬೀಳುವ ಸಾಧ್ಯತೆಯನ್ನು ಹೆಚ್ಚಿಸುವ ಶೇಕಡಾವಾರು ಅಂಕಿ. ಅದು ಅನೇಕರು ಎಣಿಸುವಷ್ಟು ಬೇಡ. ಯೂನಿಕ್ ವಸ್ತುಗಳ (ತಮ್ಮದೇ ಹೆಸರು, ಗುಣಗಳಿರುವ ವಿರಳ ಸಾಮಗ್ರಿ) ವಿಷಯದಲ್ಲಿ ಈ ಅಂಕಿ ಏರಿದಂತೆಲ್ಲ ಅದರ ಫಲ ಕುಗ್ಗುತ್ತದೆ. ಆಟ ಬಳಸುವ ಲೆಕ್ಕ ಹೀಗಿದೆ: ನಿಮ್ಮ ಅಂಕಿಯನ್ನು 250ರಿಂದ ಗುಣಿಸಿ, ಅದೇ ಅಂಕಿಗೆ 250 ಕೂಡಿಸಿ ಬಂದ ಮೊತ್ತದಿಂದ ಭಾಗಿಸಬೇಕು. ಹಾಗಾಗಿ ಶೇ 100 ಇದ್ದರೆ ನಿಜವಾಗಿ ದಕ್ಕುವುದು ಸುಮಾರು 71. ಶೇ 300ಕ್ಕೆ 136. ಶೇ 500ಕ್ಕೆ ಬರೀ 166. ಕೊನೆಯ ಆ 200ಕ್ಕಾಗಿ ಹೊಡೆತದ ಬಲವನ್ನೆಲ್ಲ ಬಿಟ್ಟುಕೊಟ್ಟು, ಒಬ್ಬೊಬ್ಬ ರಾಕ್ಷಸನ ಮುಂದೆಯೂ ಅರ್ಧ ನಿಮಿಷ ಒದ್ದಾಡುವುದು ನನ್ನ ಪ್ರಕಾರ ಶುದ್ಧ ನಷ್ಟ. 200ರಿಂದ 300ರ ನಡುವೆ ನಿಲ್ಲಿಸಿ, ವೇಗಕ್ಕೆ ಗಮನ ಕೊಡಿ.

ಟೆಲಿಪೋರ್ಟ್ (ಕ್ಷಣದಲ್ಲಿ ಬೇರೆ ಜಾಗಕ್ಕೆ ಹಾರುವ ಮಂತ್ರ) ಬಲ್ಲ ಸೋರ್ಸರೆಸ್ (ಮಾಂತ್ರಿಕಳ ಪಾತ್ರ) ಇದ್ದರೆ, ಅತಿ ಕಠಿಣವಾದ ಹೆಲ್ ಹಂತದ ದೊಡ್ಡ ರಾಕ್ಷಸ ಮೆಫಿಸ್ಟೊನಿಂದ ಆರಂಭಿಸಿ. ಒಂಟಿಯಾಗಿ, ಆಫ್‌ಲೈನ್‌ನಲ್ಲಿ ಆಡುವವರಿಗೆ ಇನ್ನೊಂದು ಅನುಕೂಲವಿದೆ: ಹಂತ ಬದಲಿಸದಿದ್ದರೆ ನಕ್ಷೆ ಹಾಗೆಯೇ ಉಳಿಯುತ್ತದೆ. ಮೆಫಿಸ್ಟೊನತ್ತ ಇಳಿಯುವ ಮೆಟ್ಟಿಲು ಹತ್ತಿರವಿರುವ ನಕ್ಷೆ ಸಿಕ್ಕರೆ ಅದನ್ನು ಕಳೆದುಕೊಳ್ಳಬೇಡಿ!

ಆದರೆ ಯೂನಿಕ್ ಕವಚವಾದ ಟೈರೇಲ್ಸ್ ಮೈಟ್‌ನಂತಹ ಅತಿ ವಿರಳ ವಸ್ತುಗಳು ಮೆಫಿಸ್ಟೊನಿಂದ ಬೀಳುವುದಿಲ್ಲ. ಅವುಗಳಿಗೆ ಹೆಲ್‌ನಲ್ಲಿ 85ನೇ ಮಟ್ಟದ ಜಾಗಗಳು ಬೇಕು. ಶೀತದ ಮಂತ್ರವನ್ನೇ ನಂಬಿದವರಿಗೆ ಅಂಥ ಜಾಗಗಳಲ್ಲಿ ಏನ್ಶಿಯೆಂಟ್ ಟನೆಲ್ಸ್ ಒಳ್ಳೆಯದು. ಅಲ್ಲಿನ ಸಾಮಾನ್ಯ ರಾಕ್ಷಸರಲ್ಲಿ ಶೀತಕ್ಕೆ ಜಗ್ಗದವರಿಲ್ಲ.

ರೂನ್ (ಆಯುಧ, ಕವಚಗಳಲ್ಲಿ ಕೂರಿಸುವ ಮಾಂತ್ರಿಕ ಕಲ್ಲು) ಬೇಕಿದ್ದರೆ ಈ ಲೆಕ್ಕ ಮರೆತುಬಿಡಿ, ಮ್ಯಾಜಿಕ್ ಫೈಂಡ್ ಅವುಗಳನ್ನು ಮುಟ್ಟುವುದೇ ಇಲ್ಲ. ಹೊಡೆತ ಹೆಚ್ಚಿಸುವ ಸಾಮಗ್ರಿ ತೊಟ್ಟು, ರೂನ್ ಬೀಳಿಸುವ ರಾಕ್ಷಸಿ ಕೌಂಟೆಸ್‌ಳ ಗೋಪುರಕ್ಕೆ ಇಳಿಯಿರಿ.